ಹೊರಗೆ ಕಿಡಿ, ಒಳಗೆ ಕತ್ತಲೆ

ನನ್ನ ಹಳೇ ಬೈಕು ಸರಿಯಾಗಿ ಇಪ್ಪತ್ತು ನಿಮಿಷ ಓಡುತ್ತಿತ್ತು. ಆಮೇಲೆ ಎರಡು ಸಲ ಕೆಮ್ಮಿ ನಿಂತುಬಿಡುತ್ತಿತ್ತು. ಎಷ್ಟು ಕಿಕ್ ಹೊಡೆದರೂ ಉಸಿರಿಲ್ಲ. ಪಕ್ಕಕ್ಕೆ ನಿಲ್ಲಿಸಿ ಅರ್ಧ ಗಂಟೆ ಸುಮ್ನೆ ಕೂತರೆ, ಏನೂ ಆಗೇ ಇಲ್ಲ ಅನ್ನೋ ಹಾಗೆ ಮೊದಲ ಕಿಕ್ಕಿಗೇ ಸ್ಟಾರ್ಟ್! ಮೆಕ್ಯಾನಿಕ್ ಪ್ಲಗ್ ಬಿಚ್ಚಿ, ಇಂಜಿನ್ನಿಗೆ ತಾಗಿಸಿ ಕಿಕ್ ಹೊಡೆದು ತೋರಿಸಿದರು. ಚಟ್ ಚಟ್ ಅಂತ ಕಿಡಿ. "ನೋಡಿ ಸಾರ್, ಕರೆಂಟ್ ಚೆನ್ನಾಗೇ ಬರ್ತಿದೆ. ಕಾರ್ಬೊರೇಟರ್ ಕ್ಲೀನ್ ಮಾಡೋಣ" ಅಂದರು. ಎರಡು ಸಲ ಕ್ಲೀನ್ ಆಯಿತು. ಬೈಕು ತನ್ನ ಇಪ್ಪತ್ತು ನಿಮಿಷದ ಲೆಕ್ಕ ಬಿಡಲಿಲ್ಲ.

ಆ ಕಿಡಿಯನ್ನು ನಾವಿಬ್ಬರೂ ಕಣ್ಣಾರೆ ನೋಡಿದ್ದೆವು. ಹಾಗಾದರೆ ಬೈಕು ನಿಲ್ಲುತ್ತಿದ್ದುದು ಯಾಕೆ?

ಬ್ಯಾಟರಿಯಲ್ಲಿ ಇರುವುದು ಬರೀ 6 ಅಥವಾ 12 ವೋಲ್ಟ್. ಪ್ಲಗ್ಗಿಗೆ ಬೇಕಿರುವುದು ಹತ್ತು ಸಾವಿರಕ್ಕೂ ಜಾಸ್ತಿ. ಈ ಜಿಗಿತ ನಡೆಯುವುದು ಇಗ್ನಿಷನ್ ಕಾಯಿಲ್‌ನಲ್ಲಿ. ಅದರೊಳಗೆ ಒಂದು ಕಬ್ಬಿಣದ ತುಂಡು, ಅದಕ್ಕೆ ಸುತ್ತಿದ ಎರಡು ತಂತಿ. ದಪ್ಪ ತಂತಿಯದು ಕೆಲವು ನೂರು ಸುತ್ತು, ಕೂದಲಿನಂಥ ತಂತಿಯದು ಅದರ ಸುಮಾರು ನೂರು ಪಟ್ಟು. ದಪ್ಪ ತಂತಿಯಲ್ಲಿ ಕರೆಂಟ್ ಹರಿಯುತ್ತಿರುವಾಗ ಕಬ್ಬಿಣ ಅಯಸ್ಕಾಂತ ಆಗಿರುತ್ತದೆ, ಅಷ್ಟೆ. ಕಿಡಿ ಹುಟ್ಟುವುದು ಆ ಕರೆಂಟನ್ನು ಥಟ್ಟನೆ ಕಡಿದಾಗ. ಜೋರಾಗಿ ನೀರು ಬರುತ್ತಿರುವ ನಲ್ಲಿಯನ್ನು ಒಮ್ಮೆಗೇ ತಿರುಗಿಸಿ ನಿಲ್ಲಿಸಿದರೆ ಪೈಪು ಢಬ್ ಅನ್ನುತ್ತದಲ್ವಾ, ಹೆಚ್ಚುಕಮ್ಮಿ ಹಾಗೆ. ಅಯಸ್ಕಾಂತದ ಬಲ ಬದಲಾದರೆ ತಂತಿಯಲ್ಲಿ ವಿದ್ಯುತ್ ಹುಟ್ಟುತ್ತದೆ ಅಂತ ಮೈಕೆಲ್ ಫ್ಯಾರಡೆ ಕಂಡುಕೊಂಡದ್ದು 1831ರಲ್ಲಿ. ಎಷ್ಟು ಬೇಗ ಬದಲಾಗುತ್ತದೋ ಅಷ್ಟು ಜೋರು. ಇದನ್ನೇ ಬಳಸಿಕೊಂಡು 1910ರ ಸುಮಾರಿಗೆ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಕಾರುಗಳಿಗೆ ಬ್ಯಾಟರಿ ಇಗ್ನಿಷನ್ ರೂಪಿಸಿದರು. ಪಾಯಿಂಟ್ (ತೆರೆದು ಮುಚ್ಚುವ ಪುಟ್ಟ ಸ್ವಿಚ್) ಇರುವ ಹಳೇ ಬೈಕುಗಳಲ್ಲಿ ಇವತ್ತಿಗೂ ನಡೆಯುತ್ತಿರುವುದು ಅದೇ ಕೆಲಸ.

ಕರೆಂಟ್ ಕಡಿಯುವುದು ಪಾಯಿಂಟ್. ಪೂರ್ತಿ ತೆರೆದಾಗ ಅದರ ಗ್ಯಾಪ್ 0.35ರಿಂದ 0.45 ಮಿಲಿಮೀಟರ್ ಆಸುಪಾಸು. ಗ್ಯಾಪ್ ಅಳೆಯುವ ಫೀಲರ್ ಗೇಜ್ ಕೈಗೆ ಸಿಗದಿದ್ದಾಗ ವಿಸಿಟಿಂಗ್ ಕಾರ್ಡ್ ತೂರಿಸಿ ನೋಡುವವರಿದ್ದಾರೆ. ದಾರಿಮಧ್ಯೆ ಅಷ್ಟು ಸಾಕು, ಮನೆಗೆ ಬಂದ ಮೇಲೆ ಸರಿಯಾಗಿ ಅಳೆಯಿರಿ. ತಿರುಗುತ್ತಾ ಪಾಯಿಂಟನ್ನು ತೆರೆಸುವ ಕ್ಯಾಮ್‌ಗೆ ಉಜ್ಜುವ ಅದರ ಹಿಮ್ಮಡಿ ಸವೆದಂತೆ ಗ್ಯಾಪ್ ಕಮ್ಮಿಯಾಗುತ್ತದೆ, ಪಾಯಿಂಟ್ ತೆರೆಯುವುದು ತಡವಾಗುತ್ತದೆ, ಕಿಡಿಯೂ ತಡ. ಬೈಕು ಎಳೆಯುವುದಿಲ್ಲ, ಬಿಸಿ ಜಾಸ್ತಿ. ಜನ ಇದಕ್ಕೂ ಕಾರ್ಬೊರೇಟರ್‌ನ್ನೇ ಬೈಯುತ್ತಾರೆ, ಪಾಪ.

ಪಾಯಿಂಟ್ ಪಕ್ಕದಲ್ಲಿ ಬೆರಳಿನ ತುದಿಯಷ್ಟು ದೊಡ್ಡ ಡಬ್ಬಿ ಇರುತ್ತದೆ, ಅದು ಕಂಡೆನ್ಸರ್. ಪಾಯಿಂಟ್ ತೆರೆದ ತಕ್ಷಣ ಕರೆಂಟ್ ಆ ಸಂದಿಯನ್ನು ಹಾರಿ ದಾಟಲು ನೋಡುತ್ತದೆ. ಕಂಡೆನ್ಸರ್ ಅದನ್ನು ತನ್ನೊಳಗೆ ಎಳೆದುಕೊಂಡು, ಕಡಿತ ಚೊಕ್ಕವಾಗುವ ಹಾಗೆ ನೋಡಿಕೊಳ್ಳುತ್ತದೆ. ಅದು ಕೆಟ್ಟರೆ ಪ್ಲಗ್‌ನಲ್ಲಿ ಆಗಬೇಕಾದ ಕಿಡಿ ಪಾಯಿಂಟ್‌ನಲ್ಲೇ ಆಗಿಹೋಗುತ್ತದೆ. ಕತ್ತಲಾದ ಮೇಲೆ ಪಾಯಿಂಟ್ ಮುಚ್ಚಳ ತೆಗೆದು ಇಂಜಿನ್ ಓಡಿಸಿ ನೋಡಿ. ಆಗೊಮ್ಮೆ ಈಗೊಮ್ಮೆ ಸಣ್ಣ ನೀಲಿ ಚುಕ್ಕೆ ಕಂಡರೆ ಚಿಂತೆಯಿಲ್ಲ. ಬಿಡದೆ ಚಿಟಿಚಿಟಿ ಅಂತ ಬೆಳ್ಳಗೆ ಉರಿಯುತ್ತಿದ್ದರೆ ಮೊದಲ ಅನುಮಾನ ಕಂಡೆನ್ಸರ್ ಮೇಲೆ. ಪಾಯಿಂಟ್‌ನ ಒಂದು ಮುಖದಲ್ಲಿ ಗುಳಿ, ಎದುರಿನದರಲ್ಲಿ ಪುಟ್ಟ ಗುಡ್ಡ ಎದ್ದಿದ್ದರೂ ಅದೇ ಅನುಮಾನ.

ಈಗ ಆ ಕಿಡಿಯ ವಿಷಯ. ಸಾಮಾನ್ಯ ಗಾಳಿಯಲ್ಲಿ ಒಂದು ಮಿಲಿಮೀಟರ್ ಹಾರಲು ಸುಮಾರು 3,000 ವೋಲ್ಟ್ ಬೇಕು. ಪ್ಲಗ್ಗಿನ ಗ್ಯಾಪ್ 0.6, 0.7 ಮಿಲಿಮೀಟರ್ ಇದ್ದೀತು. ಅಂದರೆ ಬಿಚ್ಚಿ ಹೊರಗೆ ಹಿಡಿದ ಪ್ಲಗ್ಗಿಗೆ ಎರಡು ಮೂರು ಸಾವಿರ ವೋಲ್ಟ್ ಸಾಕು, ಕಿಡಿ ಬಂದೇ ಬರುತ್ತದೆ. ಸಿಲಿಂಡರ್ ಒಳಗಿನ ಕಥೆ ಬೇರೆ. ಅಲ್ಲಿ ಪಿಸ್ಟನ್ ಗಾಳಿ ಮತ್ತು ಪೆಟ್ರೋಲ್ ಆವಿಯನ್ನು ಒತ್ತಿ ಹಿಡಿದಿರುತ್ತದೆ. ಕಿಡಿ ಹಾರಲು ಬೇಕಾದ ವೋಲ್ಟೇಜು, ಗ್ಯಾಪ್ ಮತ್ತು ಒತ್ತಡ ಎರಡನ್ನೂ ಗುಣಿಸಿದ ಲೆಕ್ಕದ ಮೇಲೆ ನಿಂತಿದೆ ಅಂತ ಜರ್ಮನಿಯ ಫ್ರೆಡ್ರಿಕ್ ಪಾಶೆನ್ 1889ರಲ್ಲಿ ತೋರಿಸಿದರು. ಒತ್ತಡ ಏರಿದರೆ ವೋಲ್ಟೇಜೂ ಏರಬೇಕು. ಸೊರಗಿದ ಕಾಯಿಲ್ ಹೊರಗೆ ಜಂಬವಾಗಿ ಕಿಡಿ ಹಾರಿಸುತ್ತದೆ, ಒಳಗೆ ಹೋದ ಕೂಡಲೇ ಸೋಲುತ್ತದೆ. ನಾವು ಮಾಡಿದ ಪರೀಕ್ಷೆ ಅಷ್ಟು ಸುಲಭದ್ದಾಗಿತ್ತು, ಫೇಲ್ ಆಗುವುದೇ ಕಷ್ಟ.

ಪರೀಕ್ಷೆ ಸ್ವಲ್ಪ ಬಿಗಿಯಾಗಿರಬೇಕು. ಸುಮಾರು 6 ಮಿಲಿಮೀಟರ್ ಗ್ಯಾಪ್ ಇರುವ ಸ್ಪಾರ್ಕ್ ಟೆಸ್ಟರ್ ಸಿಗುತ್ತದೆ. ತೆರೆದ ಗಾಳಿಯಲ್ಲಿ ಅಷ್ಟು ದೂರ ಹಾರುವ ಕಿಡಿಗೆ ಸಿಲಿಂಡರ್ ಒಳಗೂ ಹಾರುವ ದಮ್ ಇರುತ್ತದೆ. ಪ್ಲಗ್ ತೂತಿನ ಹತ್ತಿರ ಮಾತ್ರ ಇದನ್ನು ಮಾಡಬೇಡಿ, ಅಲ್ಲಿಂದ ಪೆಟ್ರೋಲ್ ಆವಿ ಬರುತ್ತಿರುತ್ತದೆ. ಟೆಸ್ಟರ್ ಇಂಜಿನ್ನಿಗೆ ಗಟ್ಟಿಯಾಗಿ ಅರ್ಥ್ ಆಗಿರಲಿ. ವೈರನ್ನು ಬರಿಗೈಯಲ್ಲಿ ಹಿಡಿದರೆ ಬೀಳುವ ಪೆಟ್ಟು ಬಹಳ ದಿನ ನೆನಪಿರುತ್ತದೆ.

ಕಾಯಿಲ್ ಚೆನ್ನಾಗಿದ್ದೂ ಕಿಡಿ ಸೊರಗಬಹುದು. ಕಾಯಿಲ್ ಕೂಡಿಡುವ ಶಕ್ತಿ ಕರೆಂಟಿನ ವರ್ಗಕ್ಕೆ (ಕರೆಂಟನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಇರುತ್ತದೆ. 6 ವೋಲ್ಟಿನ ಬೈಕಿನಲ್ಲಿ ಕಿಲುಬು ಹಿಡಿದ ಕೀ ಸ್ವಿಚ್ ಒಂದೇ ಒಂದು ವೋಲ್ಟ್ ತಿಂದರೂ ಶಕ್ತಿ ಮೂವತ್ತು ಪರ್ಸೆಂಟ್ ಇಳಿಯುತ್ತದೆ. 12 ವೋಲ್ಟ್ ಬೈಕಿಗೆ ಅದೇ ನಷ್ಟ ಹದಿನಾರು. ಅದಕ್ಕೇ ಪಾಯಿಂಟ್ ಮುಚ್ಚಿರುವಾಗ ಕಾಯಿಲ್‌ಗೆ ಎಷ್ಟು ವೋಲ್ಟ್ ತಲುಪುತ್ತಿದೆ ಅಂತ ಅಳೆದು, ಬ್ಯಾಟರಿಯ ಜೊತೆ ಹೋಲಿಸಬೇಕು. ಎರಡೇ ನಿಮಿಷದ ಕೆಲಸ.

ಬೈಕು ಯಾವಾಗ ಕೈಕೊಡುತ್ತದೆ ಅನ್ನುವುದನ್ನು ಗಮನಿಸಿದರೆ ಅರ್ಧ ಕೆಲಸ ಮುಗಿದಂತೆ. ಮಳೆಯಲ್ಲಿ, ತೊಳೆದ ಮೇಲೆ ಮಿಸ್ಸಿಂಗ್ ಅಂದರೆ ಪ್ಲಗ್ ಕ್ಯಾಪ್, ವೈರು. ಕತ್ತಲಲ್ಲಿ ವೈರಿನ ಮೇಲೆ ನೀರು ಚಿಮುಕಿಸಿದರೆ ಸೋರುವ ಜಾಗದಲ್ಲಿ ನೀಲಿ ಬೆಳಕು ಮಿನುಗುತ್ತದೆ. ಹ್ಯಾಂಡಲ್ ತಿರುಗಿಸಿದಾಗ ಆಫ್ ಆಗುತ್ತಿದ್ದರೆ ಅಲ್ಲೇ ಎಲ್ಲೋ ವೈರ್ ತುಂಡಾಗಿದೆ, ಇಲ್ಲವೇ ಉಜ್ಜಿ ಬಾಡಿಗೆ ತಾಗುತ್ತಿದೆ. ಮ್ಯಾಗ್ನೆಟೊ (ಬ್ಯಾಟರಿಯ ನೆರವಿಲ್ಲದೆ ತಾನೇ ಕಿಡಿಗೆ ಕರೆಂಟ್ ಹುಟ್ಟಿಸುವ ಸಾಧನ) ಇರುವ ಬೈಕುಗಳಲ್ಲಿ ಕಿಲ್ ಸ್ವಿಚ್ ಕರೆಂಟನ್ನು ಬಾಡಿಗೆ ಇಳಿಸಿ ಇಂಜಿನ್ ನಿಲ್ಲಿಸುತ್ತದೆ. ಒಳಗೆ ನೀರು ಹೋದರೆ ಸ್ವಿಚ್ ಮುಟ್ಟದಿದ್ದರೂ ಅದೇ ಕೆಲಸ ಮಾಡೀತು. ಆ ವೈರ್ ಕಳಚಿ ಒಂದು ಕಿಕ್ ಹೊಡೆದರೆ ಗೊತ್ತಾಗುತ್ತದೆ. ಆಗ ನಿಲ್ಲಿಸಲು ಬೇರೆ ದಾರಿ ಬೇಕು, ಅದನ್ನು ಮೊದಲೇ ಯೋಚಿಸಿಟ್ಟುಕೊಳ್ಳಿ.

ನನ್ನದು ಬಿಸಿಯಾದಾಗ ಕೈಕೊಡುವ ಬೈಕು. ಕೊನೆಗೆ ಟೆಸ್ಟರ್ ಜೇಬಿನಲ್ಲಿಟ್ಟುಕೊಂಡೇ ಹೊರಟೆ. ಇಪ್ಪತ್ತನೇ ನಿಮಿಷಕ್ಕೆ ನಿಂತಿತು. ಪ್ಲಗ್ಗಿನಲ್ಲಿ ಕಿಡಿ ಇತ್ತು, ಕೇಸರಿ ಬಣ್ಣದ ಸಣಕಲು ಎಳೆ. ಟೆಸ್ಟರ್‌ನಲ್ಲಿ ಏನೇನೂ ಇಲ್ಲ. ಕಂಡೆನ್ಸರ್ ಬದಲಾಯಿಸಿದೆ, ಟೆಸ್ಟರ್ ಆಗಲೂ ಖಾಲಿ. ಟ್ಯಾಂಕ್ ಕೆಳಗಿನ ಕಾಯಿಲ್ ಮುಟ್ಟಿದರೆ ಕೈ ಇಡಲಾಗದಷ್ಟು ಬಿಸಿ. ಕೀ ತೆಗೆದು, ಒದ್ದೆ ಬಟ್ಟೆಯನ್ನು ಚೆನ್ನಾಗಿ ಹಿಂಡಿ, ವೈರಿನ ತುದಿಗೆ ತಾಗದ ಹಾಗೆ ಕಾಯಿಲ್‌ಗೆ ಸುತ್ತಿದೆ. ಐದು ನಿಮಿಷಕ್ಕೆ ಟೆಸ್ಟರ್‌ನಲ್ಲಿ ನೀಲಿ ಕಿಡಿ ಚಟಾರ್ ಅಂತ ಹಾರಿತು. ಬಿಸಿಗೆ ಹಿಗ್ಗಿದಾಗ ಮಾತ್ರ ಒಳಗಿನ ಇನ್ಸುಲೇಷನ್ ಎಲ್ಲೋ ಬಿರುಕು ಬಿಡುತ್ತಿತ್ತು, ಹತ್ತು ಸಾವಿರ ವೋಲ್ಟಿಗೆ ಅಷ್ಟು ದಾರಿ ಧಾರಾಳ ಸಾಕು. ಹೊಸ ಕಾಯಿಲ್ ಹಾಕಿದೆ. ಹಳೆಯದು ಮೇಜಿನ ಮೇಲೆ ಕೂತಿದೆ. ತಣ್ಣಗಿರುವಾಗ ಮಲ್ಟಿಮೀಟರ್ ಹಿಡಿದರೆ ಇವತ್ತಿಗೂ ಸರಿಯಾದ ಓಮ್ಸ್‌ನ್ನೇ ತೋರಿಸುತ್ತದೆ.