ನೀಲಿ ಎಲೆಗಳ ಕಾಡು

ಯುರೋಪಿನ ಹಳೆಯ ಕೋಟೆಗಳ ಕೋಣೆಗಳಲ್ಲಿ ಗೋಡೆ ತುಂಬ ನೇಯ್ದ ಚಿತ್ರಗಳು ತೂಗುತ್ತವೆ. ಇವೇ ಟ್ಯಾಪೆಸ್ಟ್ರಿಗಳು. ಅವುಗಳಲ್ಲಿನ ಕಾಡನ್ನು ಗಮನಿಸಿ ನೋಡಿ. ಎಷ್ಟೋ ಕಡೆ ಎಲೆ ನೀಲಿ, ಹುಲ್ಲೂ ನೀಲಿ. ‘ಆ ಕಾಲದವರ ಕಲ್ಪನೆಯೇ ಹಾಗೆ’ ಎನ್ನುತ್ತಾರೆ ಕೆಲವರು. ‘ಗಿಡದಿಂದ ತೆಗೆದ ಬಣ್ಣ ಅಲ್ವಾ, ಮೊದಲಿನಿಂದಲೂ ಮಂಕಾಗಿಯೇ ಇದ್ದಿರಬೇಕು’ ಎನ್ನುತ್ತಾರೆ ಇನ್ನು ಕೆಲವರು. ಎರಡೂ ತಪ್ಪು. ನೇಕಾರರು ನೇಯ್ದದ್ದು ಅಚ್ಚ ಹಸಿರು ಎಲೆಗಳನ್ನೇ. ಆ ಹಸಿರಿನೊಳಗಿನ ಹಳದಿಯನ್ನು ಬೆಳಕು ತಿಂದುಹಾಕಿದೆ.

ಆಗಿನ ಬಣ್ಣಗಾರರು ಹಸಿರನ್ನು ಎರಡು ಸಲ ಅದ್ದಿ ಪಡೆಯುತ್ತಿದ್ದರು. ವೋಡ್ ಗಿಡದಿಂದ ನೀಲಿ, ವೆಲ್ಡ್ ಗಿಡದಿಂದ ಹಳದಿ. ವೋಡ್ ಕೊಡುವುದು ನಮ್ಮ ನೀಲಿ ಗಿಡ ಕೊಡುವ ಇಂಡಿಗೋವನ್ನೇ. ಗಿಡ ಬೇರೆ, ಅಣು ಒಂದೇ. ಈ ಜೋಡಿಯಲ್ಲಿ ಹಳದಿ ಬೇಗ ಸೋಲುತ್ತದೆ, ನೀಲಿ ನಿಲ್ಲುತ್ತದೆ.

ಹಳದಿ ಹೇಗೆ ಸೋಲುತ್ತದೆ ಎಂದು ನಮ್ಮ ಅಮ್ಮಂದಿರಿಗೆ ಗೊತ್ತು. ಬಿಳಿ ಅಂಗಿಗೆ ಅರಿಶಿನದ ಕಲೆಯಾದರೆ ಒಗೆದು ಬಿಸಿಲಿಗೆ ಹಾಕುತ್ತಾರೆ. ಸಂಜೆಯೊಳಗೆ ಕಲೆ ತಿಳಿಯಾಗಿರುತ್ತದೆ. ವೆಲ್ಡ್ ಅರಿಶಿನಕ್ಕಿಂತ ಬಹಳ ಗಟ್ಟಿ. ಆದರೂ ಶತಮಾನಗಳ ಬೆಳಕಿನ ಮುಂದೆ ಅದರ ಗತಿಯೂ ಅದೇ.

ಬೆಳಕು ಚಿಕ್ಕ ಚಿಕ್ಕ ಕಣಗಳಾಗಿ ಬಂದು ಬಡಿಯುತ್ತದೆ. ಮಾವಿನ ಮರಕ್ಕೆ ಕಲ್ಲು ಹೊಡೆದ ಹಾಗೆ ಎಂದುಕೊಳ್ಳಿ. ಕೆಂಪು ಬೆಳಕಿನ ಕಣ ಸಣ್ಣ ಹರಳು. ಸಾವಿರ ಎಸೆದರೂ ಕಾಯಿ ಉದುರುವುದು ಅಪರೂಪ. ನೇರಳೆ ಮತ್ತು ಅದರಾಚೆಗಿನ ಅತಿನೇರಳೆ ಕಣಗಳು ದಪ್ಪ ಕಲ್ಲುಗಳು. ಒಂದೇ ಏಟು ತೊಟ್ಟನ್ನು ಮುರಿಯಬಲ್ಲದು. ಏಟು ತಿಂದ ಬಣ್ಣದ ಅಣುವಿನ ಮೇಲೆ ಗಾಳಿಯ ಆಮ್ಲಜನಕವೂ ಎರಗುತ್ತದೆ. ಅಣು ಮುರಿದರೆ ಬಣ್ಣ ಹೋಯಿತು. ಇಂಡಿಗೋಗೂ ಇದೇ ಏಟು ಬೀಳುತ್ತದೆ. ಆದರೆ ಕಾದ ಕಾವಲಿ ಮುಟ್ಟಿದ ಕೈ ಥಟ್ಟನೆ ಹಿಂದೆ ಸರಿಯುತ್ತದಲ್ಲ, ಹಾಗೆ ಅದು ಸಿಕ್ಕ ಶಕ್ತಿಯನ್ನು ಕೂಡಲೇ ಶಾಖವಾಗಿ ಕೊಡವಿಬಿಡುತ್ತದೆ. ಒಂದು ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ, ಅದರಲ್ಲಿ ಒಂದು ಪಾಲಿನಷ್ಟು ಹೊತ್ತೂ ಅದಕ್ಕೆ ಬೇಡ. ಮುರಿಯುವುದಕ್ಕೆ ಸಮಯವೇ ಸಿಗುವುದಿಲ್ಲ. ಎಂಥ ಚೆಂದದ ಉಪಾಯ!

ಬಣ್ಣ ತಿನ್ನುವುದು ಬೆಳಕೇ ಎಂಬುದಕ್ಕೆ ಸಾಕ್ಷಿ ನ್ಯೂಯಾರ್ಕಿನ ಕ್ಲೋಯ್ಸ್ಟರ್ಸ್ ಮ್ಯೂಸಿಯಂನಲ್ಲಿದೆ. ಅಲ್ಲಿ 1495–1505ರ ಸುಮಾರಿಗೆ ನೇಯ್ದ ಯೂನಿಕಾರ್ನ್ ಬೇಟೆಯ ಟ್ಯಾಪೆಸ್ಟ್ರಿಗಳಿವೆ. ಯೂನಿಕಾರ್ನ್ ಎಂದರೆ ಕತೆಗಳಲ್ಲಿ ಬರುವ ಒಂಟಿಕೊಂಬಿನ ಕುದುರೆ. ಫ್ರೆಂಚ್ ಕ್ರಾಂತಿಯಲ್ಲಿ ಇವು ಲೂಟಿಯಾದವು. ರೈತರು ಆಲೂಗಡ್ಡೆ ಚಳಿಗೆ ಕೆಡದಂತೆ ಇವನ್ನು ಹೊದಿಸಿದ್ದರಂತೆ! 1850ರ ದಶಕದಲ್ಲಿ ಮತ್ತೆ ಸಿಕ್ಕವು. 1998ರಲ್ಲಿ ಶುಚಿ ಮಾಡಲು ಹಿಂಬದಿಯ ಅಸ್ತರಿ ಬಿಚ್ಚಿದಾಗ, ಅಲ್ಲಿ ಬಣ್ಣಗಳು ಮುಂಬದಿಗಿಂತ ಜೋರಾಗಿದ್ದವು. ಅದೇ ನೂಲು, ಅದೇ ಬಣ್ಣ, ಅದೇ ವಯಸ್ಸು. ಹಿಂಬದಿ ಬೆಳಕು ಕಂಡಿರಲಿಲ್ಲ, ಅಷ್ಟೇ.

ಸ್ಕಾಟ್ಲೆಂಡಿನ ಸ್ಟರ್ಲಿಂಗ್ ಕೋಟೆಗೆ ಹೋದವರು ಈಗ ಬೇರೆಯದೇ ನೋಟ ಕಾಣುತ್ತಾರೆ. ಐದನೆಯ ಜೇಮ್ಸ್ ದೊರೆಯ ಬಳಿ ಯೂನಿಕಾರ್ನ್ ಕತೆಯ ಟ್ಯಾಪೆಸ್ಟ್ರಿಗಳಿದ್ದವು ಎಂದು 16ನೇ ಶತಮಾನದ ದಾಸ್ತಾನು ಪಟ್ಟಿ ಹೇಳುತ್ತದೆ. ಅವು ಉಳಿದಿಲ್ಲ. ಹಾಗಾಗಿ ನ್ಯೂಯಾರ್ಕಿನವನ್ನೇ ಮಾದರಿಯಾಗಿಟ್ಟು, 2001ರಿಂದ 2014ರವರೆಗೆ ನೇಕಾರರು ಕೈಯಿಂದಲೇ ಏಳು ಟ್ಯಾಪೆಸ್ಟ್ರಿ ನೇಯ್ದು ರಾಣಿಯ ಕೋಣೆಗೆ ತೂಗುಹಾಕಿದರು. ಅರಮನೆಯ ಕೋಣೆಗಳನ್ನೂ ಹಳೆಯ ರೀತಿಯಲ್ಲಿ ಸಜ್ಜುಗೊಳಿಸಿ 2011ರಲ್ಲಿ ತೆರೆದರು. ಎಲ್ಲೆಲ್ಲೂ ಗಾಢ ಬಣ್ಣ. ಮದುವೆ ಮನೆಯಂತಿದೆ. ಅಂದಿನ ದೊರೆಗಳ ಕೋಣೆ ಎಂದರೆ ಮಂಕು ಕತ್ತಲೆ ಎಂದುಕೊಂಡವರು ಇದನ್ನೊಮ್ಮೆ ನೋಡಬೇಕು.

ಅಸಲಿ ಹಳೆಯ ಟ್ಯಾಪೆಸ್ಟ್ರಿಗಳಿರುವ ಕೋಣೆಯಲ್ಲಿ ಮಾತ್ರ ಬೆಳಕು ಕಮ್ಮಿ ಇರುತ್ತದೆ. ಹಳೆಗಾಲದ ವಾತಾವರಣ ತರಲು ಹೀಗೆ ಮಾಡಿದ್ದಾರೆ ಎಂದುಕೊಳ್ಳುವವರು ಜಾಸ್ತಿ. ಅಲ್ಲ, ಅದು ಲೆಕ್ಕ. ಮೇಲೆ ಬೀಳುವ ಬೆಳಕನ್ನು ಅಳೆಯುವ ಮಾನ ಲಕ್ಸ್. ಬಟ್ಟೆಯಂಥ ಸೂಕ್ಷ್ಮ ವಸ್ತುಗಳಿಗೆ 50 ಲಕ್ಸ್ ಸಾಕು ಎಂಬುದು ಮ್ಯೂಸಿಯಂಗಳ ರೂಢಿ. ಮಧ್ಯಾಹ್ನದ ನೇರ ಬಿಸಿಲು ಸುಮಾರು 1,00,000 ಲಕ್ಸ್. ಬೆಳಕಿನ ಹಾನಿ ಸಾಲದ ಹಾಗೆ ಕೂಡುತ್ತಾ ಹೋಗುತ್ತದೆ, ತೀರುವುದಿಲ್ಲ. ಒಂದು ಗಂಟೆ ಬಿಸಿಲಿಗಿಟ್ಟರೆ, 50 ಲಕ್ಸ್ ಕೋಣೆಯಲ್ಲಿ 2,000 ಗಂಟೆ ತೂಗುಹಾಕಿದಷ್ಟು ಬೆಳಕು ಬಿದ್ದಂತೆ. ದಿನಕ್ಕೆ ಎಂಟು ಗಂಟೆಯ ಲೆಕ್ಕದಲ್ಲಿ 250 ದಿನ. ಬಿಸಿಲಿನ ಅತಿನೇರಳೆ ಏಟು ಬೇರೆ.

ಅಂಥ ಕೋಣೆಗೆ ಹೋದರೆ ದೀಪ ಜೋರು ಮಾಡಿ ಎಂದು ಕೇಳಬೇಡಿ. ಬಾಗಿಲ ಬಳಿ ಒಂದೈದು ನಿಮಿಷ ನಿಲ್ಲಿ, ಕಣ್ಣು ಹೊಂದಿಕೊಳ್ಳಲಿ. ಆಮೇಲೆ ಆ ನೀಲಿ ಎಲೆಗಳ ನಡುವೆ ಇನ್ನೂ ಹಸಿರಾಗಿ ಉಳಿದ ಎಲೆ ಇದೆಯೇ ಹುಡುಕಿ.