ಮ್ಯೂಟ್ ತಂತಿ: ಕಾರ್ಡ್ ನಡುವಿನ ಇಂಟು ಮಾರ್ಕ್

ಗಿಟಾರ್ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಚಿತ್ರದಲ್ಲಿ ತಂತಿಯ ನೆತ್ತಿಯ ಮೇಲೆ ಇಂಟು ಮಾರ್ಕ್ ಇದ್ದರೆ ಆ ತಂತಿ ಕೇಳಿಸಬಾರದು. ಸೊನ್ನೆ ಇದ್ದರೆ ಬೆರಳಿಡದೆ ಹಾಗೇ ನುಡಿಸಬೇಕು. ಉಳಿದ ಅಂಕಿ, ಒತ್ತಬೇಕಾದ ಫ್ರೆಟ್‌ನದು, ಅಂದರೆ ಗಿಟಾರ್ ಕತ್ತಿನ ಮೇಲಿನ ಲೋಹದ ಪಟ್ಟಿಗಳ ನಡುವಿನ ಮನೆಯದು. ಡಿ ಕಾರ್ಡ್‌ನಲ್ಲಿ (××0232) ಇದು ಸಲೀಸು. ದಪ್ಪನೆಯ ಎರಡು ತಂತಿ ಬಿಟ್ಟು ಮೀಟಿದರಾಯಿತು. ತೊಡಕು ಬರುವುದು ಇಂಟು ಮಾರ್ಕ್ ನಡುವೆ ಕೂತಾಗ.

ಜಿ ಕಾರ್ಡನ್ನು 3×0003 ಎಂದು ಬರೆದಿದ್ದಾರೆ ಎನ್ನಿ. ಎಡತುದಿಯ ಅಂಕಿ ಆರನೆಯ, ಅಂದರೆ ಎಲ್ಲಕ್ಕಿಂತ ದಪ್ಪ ತಂತಿಯದು. ಸ್ಟ್ರಮ್ ಮಾಡುವ, ಅಂದರೆ ತಂತಿಗಳನ್ನೆಲ್ಲ ಒಂದೇ ಬೀಸಿಗೆ ಮೀಟುವ ಕೈ ಐದನೆಯ ತಂತಿಯನ್ನು ಮುಟ್ಟದೆ ದಾಟಿಕೊಂಡು ಹೋಗಲಾರದು. ಹಾಗಾಗಿ ಕೆಲಸವೆಲ್ಲ ಎಡಗೈಯದ್ದು: ನಡುಬೆರಳಿನ ತುದಿ ಆರನೆಯ ತಂತಿಯನ್ನು ಮೂರನೇ ಫ್ರೆಟ್‌ನಲ್ಲಿ ಒತ್ತುತ್ತದೆ, ಅದೇ ಬೆರಳಿನ ಮೆತ್ತನೆಯ ಭಾಗ ಐದನೆಯದಕ್ಕೆ ಸುಮ್ಮನೆ ತಾಗಿಕೊಂಡಿರುತ್ತದೆ. ತಾಗಬೇಕು, ಒತ್ತಬಾರದು. ಬಿಟ್ಟುಬಿಟ್ಟರೆ ಜಿ ಕಾರ್ಡಿಗೆ ಸೇರದ ಎ ಸ್ವರ ಕೆಳಗಿನಿಂದ ಮೊಳಗುತ್ತದೆ. ಅದೇ ತಂತಿಯ ಎರಡನೇ ಫ್ರೆಟ್ ಒತ್ತಿದರೆ ಸಿಗುವ ಬಿ ಸ್ವರ ಜಿ ಕಾರ್ಡಿನದೇ, ಆದರೂ ಅಷ್ಟು ಕೆಳಗೆ ಜಿ ಮತ್ತು ಬಿ ಒಟ್ಟಿಗೆ ಬಂದರೆ ದನಿ ಕಲಸಿಹೋಗುತ್ತದೆ. ಚಿಕ್ಕಮಗಳೂರಿನಲ್ಲಿ ಚರ್ಚ್ ಕಾಯರ್‌ಗೆ ನುಡಿಸುವವರಿಗೆ, ಮೊದಲೇ ಸದ್ದು ಗುಂಯ್ ಎನ್ನುವ ಹಾಲಿನಲ್ಲಿ, ಇದು ಬೇಗ ತಿಳಿಯುತ್ತದೆ. ಆರು ತಂತಿಯ ಜಿಗಿಂತ ಈ ಐದು ತಂತಿಯ ಜಿ ನನಗೆ ಹೆಚ್ಚು ಇಷ್ಟ.

ಇದನ್ನೇ ಐದು ಗೆರೆಯ ಸ್ಟಾಫ್ ನೊಟೇಷನ್‌ನಲ್ಲಿ ಬರೆಯುವಾಗ, ಮೂಡಿಗೆರೆಯಿಂದ ಕಲಿಯಲು ಬರುವ ಹುಡುಗಿ ಕೇಳಿದಳು: "ಸಾರ್, ಇಂಟು ಮಾರ್ಕ್ ಎಲ್ಲಿ ಹಾಕ್ಲಿ?"

"ಎಲ್ಲೂ ಬೇಡಮ್ಮ."

ಸ್ಟಾಫ್ ಮೇಲೆ ಬರೆಯುವುದು ಕಿವಿಗೆ ಬೀಳುವುದನ್ನು. ಕೇಳಿಸದ ತಂತಿಗೆ ಅಲ್ಲಿ ಗುರುತಿಲ್ಲ. ಕೆಳಗಿನಿಂದ ಜಿ, ಡಿ, ಜಿ, ಬಿ, ಜಿ ಎಂದು ಐದು ಸ್ವರ ಒಂದರ ಮೇಲೊಂದು ಬರೆದರೆ ಮುಗಿಯಿತು. ಯಾವ ಸ್ವರ ಯಾವ ತಂತಿಯಲ್ಲಿ ಎಂದು ಹೇಳಲೇಬೇಕಿದ್ದರೆ ಪಕ್ಕದಲ್ಲಿ ವೃತ್ತದೊಳಗೆ ತಂತಿಯ ಸಂಖ್ಯೆ ಹಾಕುತ್ತಾರೆ. ಮೇಲೊಂದು ಕಾರ್ಡ್ ಚಿತ್ರ ಬಿಡಿಸಿಕೊಟ್ಟರೆ ಇನ್ನೂ ಒಳ್ಳೆಯದು, ಬೆರಳು ತಕ್ಷಣ ಜಾಗ ಹಿಡಿಯುತ್ತದೆ.

ಸ್ಟಾಫ್‌ನಲ್ಲಿ ಸ್ವರದ ದುಂಡು ತಲೆಯ ಬದಲು ಇಂಟು ಕಂಡರೆ ಅರ್ಥ ಬೇರೆ. ಆ ತಂತಿಯನ್ನು ಮೀಟಲೇಬೇಕು, ಆದರೆ ಸ್ವರ ಹುಟ್ಟದೆ ಬರೀ 'ಟಕ್' ಎನ್ನಬೇಕು. ಟ್ಯಾಬ್‌ನ (ತಂತಿಗೊಂದು ಗೆರೆ ಎಳೆದು ಫ್ರೆಟ್ ಅಂಕಿ ಬರೆಯುವ ಪದ್ಧತಿ) ಗೆರೆಯ ಮೇಲೆ ಬರುವ ಇಂಟು ಕೂಡ ಸಾಮಾನ್ಯವಾಗಿ ಇದೇ. ಆದ್ದರಿಂದ ಜಿ ಕಾರ್ಡಿನ ನಡುವೆ ಅದನ್ನು ಕೂರಿಸಿದರೆ ಓದುವವರು ಆ ಸದ್ದೂ ಬೇಕು ಎಂದುಕೊಳ್ಳುತ್ತಾರೆ. ತಾಳಕ್ಕೆ ನಿಜವಾಗಿ ಬೇಕಿದ್ದಾಗ ಮಾತ್ರ ಬರೆಯಿರಿ. 'ಪಿ.ಎಂ.' ಎಂದಿದ್ದರೆ ಅದು ಪಾಮ್ ಮ್ಯೂಟ್: ಬ್ರಿಡ್ಜ್ (ಗಿಟಾರ್ ಒಡಲಿನ ಮೇಲೆ ತಂತಿಗಳು ಕೂರುವ ಪಟ್ಟಿ) ಹತ್ತಿರ ಬಲ ಅಂಗೈಯ ಅಂಚು ತಾಗಿಸಿ ಮೀಟುವುದು. ಅಲ್ಲಿ ಸ್ವರ ಕೇಳುತ್ತದೆ, ಮೊಟಕಾಗಿ.