ತಲೆ ಕೊಡವುವ ಕುದುರೆ ಮತ್ತು ‘ಹೋಲಿಸ್ಟಿಕ್’ ಚಿಕಿತ್ಸೆ

ನೊಣ ಕೂತರೆ ಯಾವ ಕುದುರೆಯಾದರೂ ತಲೆ ಕೊಡವುತ್ತದೆ. ಹೆಡ್‌ಶೇಕಿಂಗ್ ಅನ್ನುವ ಕಾಯಿಲೆ ಅದಲ್ಲ. ನೊಣವಿಲ್ಲ, ಬೆದರಿಲ್ಲ, ಆದರೂ ಓಟ ಶುರುವಾಗುತ್ತಿದ್ದಂತೆ ತಲೆ ಗಕ್ಕನೆ ಮೇಲೆ ಕೆಳಗೆ ಜಗ್ಗುತ್ತದೆ. ಮೂಗಿನೊಳಗೆ ಜೇನುಹುಳ ಹೊಕ್ಕಂತೆ ಬುಸುಗುಡುತ್ತದೆ. ಓಡುತ್ತಲೇ ಮೂತಿಯನ್ನು ಮುಂಗಾಲಿಗೆ ಉಜ್ಜಲು ನೋಡುತ್ತದೆ. ಇದನ್ನು ಮೊಂಡುತನ ಅಂತ ಬೈಯುವವರಿದ್ದಾರೆ. ಪಾಪ, ಅದಕ್ಕೆ ನೋವು.

ಬೇರೆ ಕಾರಣ ಸಿಗದಿದ್ದರೆ ಅನುಮಾನ ಹೋಗುವುದು ಮುಖದ ಸ್ಪರ್ಶ, ನೋವನ್ನು ಮಿದುಳಿಗೆ ಮುಟ್ಟಿಸುವ ಟ್ರೈಜೆಮಿನಲ್ ನರದ ಮೇಲೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನರ ಸರಿಯಾಗಿಯೇ ಕಾಣುತ್ತದೆ, ಆದರೆ ಸಣ್ಣ ಪ್ರಚೋದನೆಗೂ ಕೆರಳುತ್ತದೆ. ಬಿಸಿಲು, ಗಾಳಿ, ಓಟ ಯಾವುದಾದರೂ ಸಾಕು. ಬಹಳ ಕುದುರೆಗಳಿಗೆ ವಸಂತ, ಬೇಸಿಗೆಯಲ್ಲೇ ಇದು ಜಾಸ್ತಿ.

ಹೋಲಿಸ್ಟಿಕ್ ಪಶುವೈದ್ಯಕೀಯ ಅಂದರೆ ನರವೊಂದನ್ನೇ ಹಿಡಿದು ಕೂರದೆ ಇಡೀ ಕುದುರೆಯನ್ನು ನೋಡುವುದು. ಹಲ್ಲು, ಕಿವಿಯ ನುಸಿ, ಸೈನಸ್, ಕಣ್ಣು, ಕುತ್ತಿಗೆ, ಜೀನು, ಕಡಿವಾಣ, ಮೇವು ಎಲ್ಲ ಲೆಕ್ಕಕ್ಕೆ ಬರುತ್ತವೆ. ಇಷ್ಟನ್ನು ಒಳ್ಳೆಯ ವೈದ್ಯರು ಯಾವ ಹೆಸರೂ ಹೇಳದೆ ಮಾಡುತ್ತಾರೆ, ಅಲ್ವಾ? ಮೂಗಿಗೆ ಕಟ್ಟುವ ಬಲೆ, ಕಣ್ಣಿಗೆ ಮುಸುಕು, ಸಂಜೆ ಹೊತ್ತಿನ ಸವಾರಿ ಕೂಡ ಇದರಲ್ಲೇ ಸೇರುತ್ತವೆ. ಬಲೆ ಅಗ್ಗ, ಅಪಾಯವಿಲ್ಲ, ಕೆಲವು ಕುದುರೆಗಳಿಗೆ ಚೆನ್ನಾಗಿಯೇ ಒಗ್ಗುತ್ತದೆ. ನನ್ನ ಮತ ಮೊದಲು ಅದಕ್ಕೇ.

ಅಕ್ಯುಪಂಕ್ಚರ್, ಗಿಡಮೂಲಿಕೆ, ಮೆಗ್ನೀಸಿಯಂ, ಮೆಲಟೋನಿನ್ ಆಮೇಲಿನ ಮಾತು. ಚರ್ಮದಡಿ ಸೂಜಿ ಇಟ್ಟು ನರಕ್ಕೆ ಸಣ್ಣ ವಿದ್ಯುತ್ ಕೊಡುವ ಪೆನ್ಸ್ ಚಿಕಿತ್ಸೆಯಿಂದ ಕೆಲವು ಕುದುರೆಗಳು ಸವಾರಿಗೆ ಮರಳಿವೆ. ಆದರೆ ಪರಿಣಾಮ ಎಷ್ಟೋ ಸಲ ಕೆಲವು ವಾರ, ತಿಂಗಳಿಗೆ ಇಳಿದುಹೋಗುತ್ತದೆ.

ಮೇವಿಗೆ ಬೆರೆಸುವ ಪುಡಿಗಳ ವಿಷಯದಲ್ಲಿ ಹುಷಾರು. 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 32 ಕುದುರೆಗಳಿಗೆ ಅಂಥ ಪುಡಿಯನ್ನೂ ಔಷಧವಿಲ್ಲದ ಹುಸಿ ಪುಡಿಯನ್ನೂ ಸರದಿಯಲ್ಲಿ ಕೊಟ್ಟರು. ಯಾವಾಗ ಯಾವುದು ಅಂತ ಮಾಲೀಕರಿಗೆ ಗೊತ್ತಿರಲಿಲ್ಲ. ಎರಡರಲ್ಲೂ ಕುದುರೆ ಸುಧಾರಿಸಿದೆ ಅಂದರು. ಹುಸಿಗಿಂತ ಅಸಲಿ ಹೆಚ್ಚೇನೂ ಮಾಡಿರಲಿಲ್ಲ. ಇದರ ಮೇಲೆ ಋತುವಿನ ಆಟ ಬೇರೆ. ಬೇಸಿಗೆ ಕೊನೆಗೆ ಏನು ತಿನ್ನಿಸಿದರೂ ಚಳಿಗಾಲದಲ್ಲಿ ಸುಮ್ನೆ ಕಡಿಮೆಯಾಗಬಹುದು, ಹೆಸರು ಮಾತ್ರ ಪುಡಿಗೆ.

ಹಾಗಾಗಿ ಯಾವುದನ್ನೇ ಪ್ರಯೋಗಿಸಿ, ಒಮ್ಮೆಗೆ ಒಂದೇ. ತೊಂದರೆ ಜೋರಾಗಿರುವ ದಿನಗಳಲ್ಲೇ ಕೆಲವು ವಾರ ಕೊಟ್ಟು, ಕೆಲವು ವಾರ ನಿಲ್ಲಿಸಿ. ಎರಡೂ ಸಲದ ಓಟವನ್ನು ವಿಡಿಯೊ ಮಾಡಿ, ಯಾವುದು ಯಾವಾಗಿನದು ಅಂತ ಹೇಳದೆ ಬೇರೆಯವರಿಗೆ ತೋರಿಸಿ.